ಹಲಸಿನ ರಸವನ್ನು ಜೇನುಪೆಟ್ಟಿಗೆಗೆ ಇಡಬಹುದಾ?

ಮೇ ತಿಂಗಳ ಕೊನೆ ಬಂತೆಂದರೆ ನಮ್ಮ ಕಡೆಯ ಜೇನು ಕೃಷಿಕರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಮರದಡಿಯಲ್ಲಿ ಹಲಸು ಬಿದ್ದು ಕೊಳೆಯುತ್ತಿದೆ. ತಿನ್ನುವವರಿಲ್ಲ, ಕೊಳ್ಳುವವರಿಲ್ಲ. ಅದೇ ಹೊತ್ತಿಗೆ ನಾವು ಅಂಗಡಿಗೆ ಹೋಗಿ ಜೇನಿಗೆ ಅಂತ ಸಕ್ಕರೆ ಚೀಲ ಹೊತ್ತು ತರುತ್ತೇವೆ. ಹಲಸಿನ ರಸ ಹಿಂಡಿ, ಕಾಯಿಸಿ, ಪಾಕ ಮಾಡಿ ಪೆಟ್ಟಿಗೆಗೆ ಇಟ್ಟರೆ ಆಗದಾ? ಹಲಸು ಬೇಡವಾದರೆ ಗೇರುಹಣ್ಣು, ಬಾಳೆ, ಅನಾನಸು?

ಪ್ರಶ್ನೆ ಸರಿಯಾಗಿಯೇ ಇದೆ. ಹಣ್ಣಿನಲ್ಲೂ ಸಿಹಿ ಇದೆ, ಹೂವಿನಲ್ಲೂ ಸಿಹಿ ಇದೆ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಸ್ವಲ್ಪ ಕೊಡಬಹುದು. ತಿಳಿಯಾಗಿ ಸೋಸಿ, ಸಕ್ಕರೆ ಪಾಕದ ಜೊತೆ ಬೆರೆಸಿ, ಮಳೆ ಹಿಡಿಯುವ ಮೊದಲು ಕೊಡಬಹುದು. ಆಟಿಯ, ಅಂದರೆ ಜುಲೈ-ಆಗಸ್ಟ್‌ನ, ಜಡಿಮಳೆಯಲ್ಲಿ ಕೊಡಬಾರದು. ಯಾಕೆ ಅನ್ನುವುದೇ ಇವತ್ತಿನ ಮಾತು.

ಮೊದಲು ನಾವು ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿನ ವರ್ಷ ಹೇಗಿದೆ ನೋಡೋಣ. ಸುಳ್ಯ, ಪುತ್ತೂರು, ಬೆಳ್ತಂಗಡಿ ಕಡೆ ಜನವರಿಯಿಂದ ಮಾರ್ಚ್‌ವರೆಗೆ ರಬ್ಬರ್ ತೋಟ ನಮ್ಮ ಕೈಹಿಡಿಯುತ್ತದೆ. ಎಲೆ ಉದುರಿ ಹೊಸ ಚಿಗುರು ಬರುವಾಗ, ಎಲೆಯ ತೊಟ್ಟಿನ ತುದಿಯಲ್ಲಿರುವ ಗ್ರಂಥಿಗಳಿಂದ ಸಿಹಿ ದ್ರವ ಒಸರುತ್ತದೆ. ನಾವು ರಬ್ಬರ್ ಜೇನು ಅನ್ನುವುದು ಹೂವಿನದ್ದಲ್ಲ, ಎಲೆಯದ್ದು. ಕೊಡಗಿನ ಕಡೆ ಹೋದರೆ ಹೂಮಳೆ ಬಿದ್ದ ಮೇಲೆ ಕಾಫಿ ಹೂವು. ಆಮೇಲೆ ಕಾಡಿನ ಮರಗಳು. ಮೇ ತಿಂಗಳಿಗೆ ಎಲ್ಲ ಮುಗಿಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆ ನಿಮಗೆ ಗೊತ್ತೇ ಇದೆ, ವರ್ಷಕ್ಕೆ 3500 ಮಿಲಿಮೀಟರ್ ದಾಟುವ ಊರು ನಮ್ಮದು. ಹೂವು ಅರಳಿದರೂ ಮಕರಂದ ತೊಳೆದು ಹೋಗುತ್ತದೆ. ನೊಣ ಹೊರಗೆ ಹೋಗಲಿಕ್ಕೂ ಬಿಡುವು ಸಿಗುವುದಿಲ್ಲ.

ಈ ನಾಲ್ಕು ತಿಂಗಳಿಗೆಂದು ನೊಣಗಳು ಕೂಡಿಟ್ಟದ್ದನ್ನು ನಾವು ತೆಗೆದುಕೊಂಡಿರುತ್ತೇವೆ. ಅದಕ್ಕಾಗಿಯೇ ಕೃತಕ ಆಹಾರ. ಉಪಕಾರ ಅಂತ ಅಲ್ಲ, ನಮ್ಮ ಮೇಲಿರುವ ಸಾಲ ಅದು. ಸಾಮಾನ್ಯವಾಗಿ ಹೇಳುವ ಅಳತೆ ವಾರಕ್ಕೆ ಒಂದು ಕುಟುಂಬಕ್ಕೆ, ಅಂದರೆ ಒಂದು ಪೆಟ್ಟಿಗೆಯ ನೊಣಗಳಿಗೆ, 200 ಗ್ರಾಂ ಸಕ್ಕರೆ, ಅಷ್ಟೇ ನೀರಿನಲ್ಲಿ ಕರಗಿಸಿದ್ದು.

ಈಗ ನೊಣದ ಹೊಟ್ಟೆಯ ವಿಚಾರಕ್ಕೆ ಬರುತ್ತೇನೆ. ಇಡೀ ಪ್ರಶ್ನೆ ನಿಂತಿರುವುದೇ ಅಲ್ಲಿ.

ಜೇನುನೊಣ ಪೆಟ್ಟಿಗೆಯ ಒಳಗೆ ಹೇಲುವುದಿಲ್ಲ. ಮಲವನ್ನು ಹೊಟ್ಟೆಯ ಕೊನೆಯ ಚೀಲದಲ್ಲಿ ಹಿಡಿದಿಟ್ಟುಕೊಂಡು, ಹೊರಗೆ ಹಾರಿದಾಗ ಬಿಡುತ್ತದೆ. ಬಿಸಿಲು ಇರುವ ದಿನ ಇದೊಂದು ವಿಷಯವೇ ಅಲ್ಲ. ಆದರೆ ಮೂರು ದಿನ, ನಾಲ್ಕು ದಿನ, ವಾರ ಬಿಡದೆ ಮಳೆ ಹೊಯ್ದರೆ? ಆಗ ತಿಂದದ್ದರಲ್ಲಿ ಜೀರ್ಣವಾಗದೆ ಎಷ್ಟು ಉಳಿಯುತ್ತದೆ ಅನ್ನುವುದರ ಮೇಲೆ ಆ ನೊಣದ ಜೀವ ನಿಂತಿರುತ್ತದೆ. ಒಳ್ಳೆಯ ಜೇನುತುಪ್ಪದಲ್ಲಿ ಉಳಿಯುವಂಥದ್ದು ಬಹಳ ಕಡಿಮೆ. ಬಿಳಿ ಸಕ್ಕರೆಯಲ್ಲಿ ಇನ್ನೂ ಕಡಿಮೆ, ಅದು ಹೆಚ್ಚುಕಮ್ಮಿ ಪೂರ್ತಿ ಸುಕ್ರೋಸ್. ನೊಣದ ಜೊಲ್ಲಿನಲ್ಲಿರುವ ಇನ್ವರ್ಟೇಸ್ ಕಿಣ್ವ ಅದನ್ನು ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆಯುತ್ತದೆ, ಮೈಗೆ ಹತ್ತುತ್ತದೆ, ಅಲ್ಲಿಗೆ ಮುಗಿಯಿತು.

ಹಲಸಿನದ್ದು ಲೆಕ್ಕ ಹಾಕೋಣ. ನೂರು ಗ್ರಾಂ ತೊಳೆಯಲ್ಲಿ ಸುಮಾರು 19 ಗ್ರಾಂ ಸಕ್ಕರೆ ಅಂಶ, ಒಂದೂವರೆ ಗ್ರಾಂ ನಾರು, 450 ಮಿಲಿಗ್ರಾಂ ಹತ್ತಿರ ಪೊಟ್ಯಾಸಿಯಂ. ನೂರು ಗ್ರಾಂ ಜೇನುತುಪ್ಪದಲ್ಲಿ 80 ಗ್ರಾಂ ಸಕ್ಕರೆ ಅಂಶ, ಪೊಟ್ಯಾಸಿಯಂ ಬರೀ 50 ಮಿಲಿಗ್ರಾಂ. ಅದೇ 80 ಗ್ರಾಂ ಸಕ್ಕರೆಯನ್ನು ಹಲಸಿನಿಂದ ಕೊಡಬೇಕಾದರೆ ನಾನೂರು ಗ್ರಾಂಗಿಂತ ಜಾಸ್ತಿ ತೊಳೆ ಬೇಕು. ಅದರ ಜೊತೆ ಬರುವ ಪೊಟ್ಯಾಸಿಯಂ ಜೇನಿನಲ್ಲಿ ಇರುವುದಕ್ಕಿಂತ ಮೂವತ್ತು ಪಟ್ಟಿಗೂ ಮೇಲೆ. ಬಟ್ಟೆಯಲ್ಲಿ ಸೋಸಿದರೆ ನಾರು ಹೋಗುತ್ತದೆ, ಆದರೆ ಲವಣ ರಸದಲ್ಲೇ ಕರಗಿರುತ್ತದೆ. ಕಾಯಿಸಿದರೆ ನೀರು ಹೋಗುತ್ತದೆ, ಲವಣ ಹೋಗುವುದಿಲ್ಲ. ನಮಗೆ ಹಲಸು ಒಳ್ಳೆಯದು, ಬಾಳೆಹಣ್ಣು ಒಳ್ಳೆಯದು ಅನ್ನುವುದು ಇದೇ ಲವಣಾಂಶಕ್ಕಾಗಿ. ಮಳೆಯಲ್ಲಿ ಪೆಟ್ಟಿಗೆಯೊಳಗೆ ಸಿಕ್ಕಿಕೊಂಡ ನೊಣಕ್ಕೆ ಅದೇ ಹೊರೆ.

ಇದರ ಜೊತೆ ಪೆಕ್ಟಿನ್. ಹಣ್ಣಿನ ರಸ ಜ್ಯಾಮ್ ಆಗಿ ಗಟ್ಟಿಯಾಗುವುದು ಈ ಪೆಕ್ಟಿನ್‌ನಿಂದ. ನೊಣಕ್ಕೆ ಅದು ಅರಗುವುದಿಲ್ಲ, ಕೆಡುಕನ್ನೂ ಮಾಡುತ್ತದೆ.

ಹೊಟ್ಟೆ ಕೆಟ್ಟ ಕುಟುಂಬವನ್ನು ನೀವು ನೋಡಿರಬಹುದು. ಬಾಗಿಲಿನ ಹತ್ತಿರ ಹಲಗೆಯ ಮೇಲೆ ಅರಿಶಿನ ಕಂದು ಬಣ್ಣದ ಗೀರು ಗೀರು ಕಲೆ. ಮುಚ್ಚಳ ತೆಗೆದರೆ ಚೌಕಟ್ಟಿನ ಮೇಲ್ಪಟ್ಟಿಯಲ್ಲೂ ಅದೇ ಕಲೆ. ಒಂದು ಹುಳಿ ವಾಸನೆ ಮೂಗಿಗೆ ಹೊಡೆಯುತ್ತದೆ. ಅಡಿಮಣೆಯ ಮೇಲೆ ಹೊಟ್ಟೆ ಉಬ್ಬಿದ ನೊಣಗಳು ತೆವಳುತ್ತಿರುತ್ತವೆ, ಎತ್ತಿ ಅಂಗೈ ಮೇಲೆ ಇಟ್ಟರೂ ಹಾರುವುದಿಲ್ಲ. ಉಳಿದ ನೊಣಗಳು ಆ ಕಲೆಯನ್ನು ನೆಕ್ಕಿ ತೆಗೆಯಲು ನೋಡುತ್ತವೆ. ರೋಗ ಇದ್ದರೆ ಅದು ಎಲ್ಲರಿಗೂ ಹರಡುವುದು ಹಾಗೆ.

ಬೆಲ್ಲದ ವಿಷಯವೂ ಇದೇ. "ಸಕ್ಕರೆಗೆ ರಾಸಾಯನಿಕ ಹಾಕುತ್ತಾರೆ, ಬೆಲ್ಲ ನೈಸರ್ಗಿಕ" ಅಂತ ಪ್ರೀತಿಯಿಂದ ಬೆಲ್ಲದ ನೀರು ಇಡುವವರು ಈಗಲೂ ಇದ್ದಾರೆ. ದಯವಿಟ್ಟು ಇಡಬೇಡಿ. ಬೆಲ್ಲದಲ್ಲಿ ನಮಗೆ ಬೇಕಾದ ಲವಣ, ಸತ್ವ ಎಲ್ಲ ಇದೆ. ನೊಣಕ್ಕೆ ಬೇಡವಾದದ್ದೂ ಅದೇ.

ಇದು ನಮ್ಮ ಊರಿಗೆ ಮಾತ್ರ ಸೇರಿದ ಸಂಗತಿ ಅಲ್ಲ. ಹಿಮ ಬೀಳುವ ದೇಶಗಳಲ್ಲಿ ಚಳಿಗಾಲ ತಿಂಗಳುಗಟ್ಟಲೆ. ಆಗ ಅಲ್ಲಿನ ನೊಣ ಹೊರಗೆ ಬರುವುದೇ ಅಪರೂಪ. ಸೇಬಿನ ರಸ ಕೂಡಿಟ್ಟ ಕುಟುಂಬ ಚಳಿಗಾಲ ದಾಟುವುದು ಕಷ್ಟ ಅಂತ ಅಲ್ಲಿನ ಹಳೆಯ ಜೇನು ಕೃಷಿಕರಿಗೆ ಗೊತ್ತಿತ್ತು. ನಮಗೆ ಚಳಿ ಇಲ್ಲ, ಮಳೆ ಇದೆ. ನೊಣದ ಮಟ್ಟಿಗೆ ಎರಡೂ ಒಂದೇ, ಬಾಗಿಲು ಮುಚ್ಚಿದ ಹಾಗೆ. 1978ರಲ್ಲಿ ಅಮೆರಿಕದ ವಿಜ್ಞಾನಿಗಳು ನೊಣಗಳನ್ನು ಪಂಜರದಲ್ಲಿಟ್ಟು ಸಕ್ಕರೆ ಪಾಕ, ಜೇನುತುಪ್ಪ, ಮೆಕ್ಕೆಜೋಳದ ಸಿರಪ್, ದ್ರಾಕ್ಷಿ ಸಿರಪ್ ನಾಲ್ಕನ್ನೂ ಬೇರೆ ಬೇರೆ ಕೊಟ್ಟು ನೋಡಿದರು. ಜಾಸ್ತಿ ದಿನ ಬದುಕಿದ್ದು ಸಕ್ಕರೆ ಪಾಕ ಕುಡಿದ ನೊಣಗಳು. ದ್ರಾಕ್ಷಿ ಸಿರಪ್ ಕುಡಿದವುಗಳಿಗೆ ಭೇದಿ ಹಿಡಿಯಿತು. ಹಣ್ಣುಗಳಲ್ಲಿ ದ್ರಾಕ್ಷಿಯ ರಸ ತಿಳಿ, ಸಿಹಿ ಜಾಸ್ತಿ. ಅದರದ್ದೇ ಈ ಕತೆ ಆದರೆ ಹಲಸು, ಬಾಳೆ ಹೇಗಿರಬಹುದು ಯೋಚಿಸಿ.

ಹಾಗಾದರೆ ಯಾರೂ ಕೊಡುವುದೇ ಇಲ್ಲವಾ? ಕೊಡುತ್ತಾರೆ. ಈಜಿಪ್ಟ್, ಇರಾಕ್ ಕಡೆ ಖರ್ಜೂರದ ಸಿರಪ್ ಕೊಟ್ಟು ನೋಡಿದ್ದಾರೆ, ಅದರ ಮೇಲೆ ಅಧ್ಯಯನಗಳೂ ಆಗಿವೆ. ಅಲ್ಲಿ ಖರ್ಜೂರ ಅಗ್ಗ, ಬಿಸಿಲು ವರ್ಷವಿಡೀ. ನೊಣ ದಿನಾ ಹೊರಗೆ ಹಾರಿ ಹೊಟ್ಟೆ ಖಾಲಿ ಮಾಡಿಕೊಂಡು ಬರುತ್ತದೆ. ಅಲ್ಲಿಂದ ಯಾರಾದರೂ ವಿಡಿಯೋ ಹಾಕಿದರೆ ಅದನ್ನು ನೋಡಿ ಜುಲೈನಲ್ಲಿ ಸುಬ್ರಹ್ಮಣ್ಯದಲ್ಲಿ ಮಾಡಬೇಡಿ ಅಂತ ಮಾತ್ರ ನನ್ನ ವಿನಂತಿ.

ಇಲ್ಲಿಗೆ ಬಂದಾಗ ಒಬ್ಬರಾದರೂ ಕೇಳುತ್ತಾರೆ. "ನೀವು ಹೇಳುವುದು ಸರಿ ಮಾರಾಯ್ರೆ, ಆದರೆ ನೊಣಗಳು ತಾವಾಗಿಯೇ ಹಲಸಿಗೆ ಬಂದು ಕೂರುತ್ತವಲ್ಲ? ಅವಕ್ಕೆ ಗೊತ್ತಿಲ್ಲವಾ?"

ಕೂರುತ್ತವೆ, ನಿಜ. ಮಳೆ ಸ್ವಲ್ಪ ಬಿಟ್ಟು ಬಿಸಿಲು ಬಂದಾಗ ಬಿದ್ದ ಹಣ್ಣಿನ ಹತ್ತಿರ ಕೂತು ಗಮನಿಸಿ. ಇಡೀ ಹಣ್ಣಿನ ಮುಳ್ಳಿನ ಮೇಲೆ ಒಂದು ನೊಣವೂ ಕೂರುವುದಿಲ್ಲ. ಹಣ್ಣಿನ ಸಿಪ್ಪೆ ಕೊರೆಯುವ ಶಕ್ತಿ ಅದರ ದವಡೆಗೆ ಇಲ್ಲ. ಅಳಿಲು ತೂತು ಮಾಡಿದ ಕಡೆ, ಬಿದ್ದು ಒಡೆದ ಕಡೆ, ಕಣಜ ಕಚ್ಚಿದ ಕಡೆ ಬರುತ್ತದೆ. ಅಲ್ಲೂ ತೊಳೆಯ ನಡುವಿಗೆ ಹೋಗುವುದಿಲ್ಲ. ಒಡೆದ ಅಂಚಿನಲ್ಲಿ ರಸ ತೆಳುವಾಗಿ ಒಸರಿದ ಜಾಗ ಹುಡುಕಿ, ಅಲ್ಲಿ ನಾಲಗೆ ಚಾಚಿ ಹೀರುತ್ತದೆ. ಅದಕ್ಕೆ ಬೇಕಾದದ್ದು ತಿಳಿ ದ್ರವ. ಇನ್ನೊಂದು ನೋಡಿ. ಫೆಬ್ರವರಿಯಲ್ಲಿ ರಬ್ಬರ್ ಚಿಗುರುವಾಗ, ಹೊರಗೆ ಸಾಕಷ್ಟು ಮಕರಂದ ಸಿಗುವಾಗ, ಕತ್ತರಿಸಿದ ಪಪ್ಪಾಯಿ ಇಟ್ಟು ನೋಡಿ. ತಿರುಗಿಯೂ ನೋಡುವುದಿಲ್ಲ. ಹಣ್ಣಿಗೆ ಬರುವುದು ಹಸಿವಿನಿಂದ. ಬೇಕರಿಯ ಗಾಜಿನ ಪೆಟ್ಟಿಗೆಗೂ ಬರುತ್ತವೆ, ಕಬ್ಬಿನ ಹಾಲಿನ ಅಂಗಡಿಗೂ ಬರುತ್ತವೆ. ತಮಿಳುನಾಡಿನಲ್ಲಿ ಬಿಸಾಡಿದ ಕಾಗದದ ಲೋಟಗಳಲ್ಲಿ ಸಾಯುವ ಜೇನುನೊಣಗಳನ್ನು ಎಣಿಸಿ 2011ರಲ್ಲಿ ಒಂದು ವರದಿ ಬಂತು. ಲೋಟದ ತಳದಲ್ಲಿ ಉಳಿದ ಸಿಹಿಗೆ ಬಂದು ಸಾವಿರಗಟ್ಟಲೆ ನೊಣ ಸತ್ತಿದ್ದವು. ಹಸಿದ ನೊಣ ಸಿಹಿ ಎಲ್ಲಿದೆ ಅಂತ ನೋಡುತ್ತದೆ, ಒಳ್ಳೆಯದಾ ಕೆಟ್ಟದ್ದಾ ಅಂತ ಅಲ್ಲ. ಒಳ್ಳೆಯದನ್ನು ನೋಡಿ ಕೊಡಬೇಕಾದವರು ನಾವು.

ಇನ್ನು ಕಾಯಿಸುವ ವಿಚಾರ. ಹಣ್ಣಿನ ರಸದಲ್ಲಿ ನೀರು ಜಾಸ್ತಿ. ಹಾಗಾಗಿ ಗಟ್ಟಿ ಮಾಡಲಿಕ್ಕೆ ಗಂಟೆಗಟ್ಟಲೆ ಬೆಂಕಿಯ ಮೇಲಿಡುತ್ತಾರೆ. ಬಣ್ಣ ಕೆಂಪಾಗಿ, ಆಮೇಲೆ ಕಂದಾಗಿ, ಘಮಘಮ ವಾಸನೆ ಬರುತ್ತದೆ. ಹುಳಿ ಇರುವ ಹಣ್ಣಿನ ಸಕ್ಕರೆ ಬಿಸಿಯಾದಾಗ ಎಚ್‌ಎಂಎಫ್ ಅನ್ನುವ ವಸ್ತು ಹುಟ್ಟುತ್ತದೆ. ನಮಗೆ ಆ ಮಟ್ಟದಲ್ಲಿ ಏನೂ ಆಗದು, ನೊಣಕ್ಕೆ ಅದು ವಿಷ. 2009ರಲ್ಲಿ ಅಮೆರಿಕದಲ್ಲಿ ಮೆಕ್ಕೆಜೋಳದ ಸಿರಪ್ ಮೇಲೆ ಮಾಡಿದ ಅಧ್ಯಯನದಲ್ಲಿ 49 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗಲೇ ಈ ಎಚ್‌ಎಂಎಫ್ ಒಮ್ಮೆಲೇ ಏರಿತು. ಒಲೆಯ ಮೇಲೆ ಕುದಿಯುವ ರಸ ಅದರ ಎರಡು ಪಟ್ಟು ಬಿಸಿ. ಅದಕ್ಕೇ ಹೇಳುವುದು, ರಸವನ್ನು ಬತ್ತಿಸಿ ಪಾಕ ಮಾಡಬೇಡಿ. ಹಾಗೆ ಬತ್ತಿಸಿ ಗಟ್ಟಿ ಮಾಡಿದ ಹಲಸಿನ ಹಣ್ಣಿನ ಬೆರಟಿ ಮನೆಯವರಿಗೆ ಇರಲಿ.

ಇದೇ ಕಾರಣಕ್ಕೆ ಬರೀ ಸಕ್ಕರೆ ಪಾಕಕ್ಕೂ ನಿಂಬೆಹುಳಿ ಹಿಂಡಬೇಡಿ. ನಿಂಬೆ ಹಾಕಿದರೆ ಪಾಕ ಹರಳುಗಟ್ಟುವುದಿಲ್ಲ, ನೊಣಕ್ಕೆ ಅರಗಲು ಸುಲಭ ಅಂತ ಹಲವರು ಹೇಳುತ್ತಾರೆ. ಒಡೆಯುವ ಕೆಲಸ ನೊಣದ ಕಿಣ್ವ ಚೆನ್ನಾಗಿಯೇ ಮಾಡುತ್ತದೆ. ಸಕ್ಕರೆ ಪಾಕವನ್ನೂ ಕುದಿಸಬೇಕಿಲ್ಲ. ಕುದಿಸಿದ ನೀರನ್ನು ಒಲೆಯಿಂದ ಇಳಿಸಿ, ಸಕ್ಕರೆ ಹಾಕಿ ಕಲಕಿದರೆ ಸಾಕು.

ಕಾಯಿಸದೆ ಹಸಿ ರಸವನ್ನೇ ಇಟ್ಟರೆ? ನಮ್ಮ ಮಳೆಗಾಲದ ತೇವದಲ್ಲಿ ಸಂಜೆ ಇಟ್ಟದ್ದು ಬೆಳಗ್ಗೆ ನೊರೆ ಕಟ್ಟಿರುತ್ತದೆ. ಹಣ್ಣಿನ ಸಿಪ್ಪೆಯ ಮೇಲೆಯೇ ಯೀಸ್ಟ್ ಇರುತ್ತದೆ, ಹುಳಿಬರಿಸುವುದು ಅದರ ಕೆಲಸ. ಹುಳಿತ ರಸ ಕುಡಿದ ನೊಣಕ್ಕೆ ಅಮಲೇರುತ್ತದೆ, ಹೊಟ್ಟೆಯೂ ಕೆಡುತ್ತದೆ.

ಯಾವ ಹಣ್ಣು ಆದೀತು, ಯಾವುದು ಆಗದು? ಗೇರುಹಣ್ಣು ಒಗರು, ಬೇಗ ಹುಳಿಯುತ್ತದೆ. ಅದು ಸಿಗುವ ತಿಂಗಳಲ್ಲಿ ನೊಣಕ್ಕೆ ಹೊರಗೆ ಹೂವೂ ಇರುತ್ತದೆ, ಸುಮ್ನೆ ಕೆಲಸ. ಬಾಳೆಹಣ್ಣಿನಿಂದ ತಿಳಿ ರಸ ಬರುವುದೇ ಇಲ್ಲ, ಬರೀ ಲೋಳೆ. ಮಾವಿನದ್ದೂ ಹಾಗೇ. ಅನಾನಸು, ಪುನರ್ಪುಳಿ ಹುಳಿ ಜಾಸ್ತಿ. ಕಲ್ಲಂಗಡಿಯಲ್ಲಿ ತೊಂಬತ್ತು ಪಾಲಿಗೂ ಮೇಲೆ ನೀರು. ಅಂಗಡಿಯಿಂದ ತಂದ ದ್ರಾಕ್ಷಿಗೆ ಎಷ್ಟು ಸಲ ಔಷಧಿ ಹೊಡೆದಿರುತ್ತಾರೆ ಅನ್ನುವುದು ನಮ್ಮ ಕೈಯಲ್ಲಿಲ್ಲ. ಸ್ಕ್ವಾಷ್, ಜ್ಯೂಸ್ ಬಾಟಲಿ, ಹಣ್ಣಿನ ಕಾರ್ಖಾನೆಯಲ್ಲಿ ಉಳಿದ ಸಕ್ಕರೆ ನೀರು, ಇವು ಯಾವುದೂ ಬೇಡ. ಬಣ್ಣ, ಸಿಟ್ರಿಕ್ ಆಮ್ಲ, ಕೆಡದಂತೆ ಹಾಕಿದ ಪುಡಿ ಎಲ್ಲ ಅದರಲ್ಲಿರುತ್ತದೆ. ಉಳಿಯುವುದು ನಮ್ಮದೇ ಹಿತ್ತಲಿನ ಹಲಸು. ಅದರಲ್ಲೂ ತೊಳೆ ಗಟ್ಟಿ ಇರುವ ಬಕ್ಕೆಗಿಂತ ತುಳುವ. ತುಳುವದ ತೊಳೆ ಮೆತ್ತಗೆ, ರಸ ಸುಲಭವಾಗಿ ಬಿಡುತ್ತದೆ.

ಮಾಡಲೇಬೇಕು ಅನ್ನುವವರಿಗೆ ಕ್ರಮ ಹೇಳುತ್ತೇನೆ. ಹಣ್ಣನ್ನು ಕೊಯ್ಯುವ ಮೊದಲು ಹೊರಗೆ ಚೆನ್ನಾಗಿ ತೊಳೆಯಿರಿ. ಕೊಳೆತ ಭಾಗ ಇದ್ದರೆ ಆ ಹಣ್ಣೇ ಬೇಡ. ತೊಳೆ ಬಿಡಿಸಿ, ಬೀಜ ತೆಗೆದು, ಸಮ ಅಳತೆಯ ಕುದಿಸಿ ಆರಿದ ನೀರು ಹಾಕಿ ಕೈಯಲ್ಲೇ ಕಿವುಚಿ. ಮಿಕ್ಸಿಗೆ ಹಾಕಬೇಡಿ, ನಾರು ನುಣ್ಣಗಾಗಿ ರಸದಲ್ಲೇ ಉಳಿಯುತ್ತದೆ. ಎರಡು ಮಡಿಕೆ ತೆಳು ಪಂಚೆಯಲ್ಲಿ ಕಟ್ಟಿ ತೂಗುಹಾಕಿ. ಹಿಂಡಬೇಡಿ, ತಾನಾಗಿ ತೊಟ್ಟಿಕ್ಕಿದ್ದು ಮಾತ್ರ ಸಾಕು. ಆ ರಸವನ್ನು ಒಂದು ಕುದಿ ಬರಿಸಿ, ನೊರೆ ತೆಗೆದು ಕೂಡಲೇ ಇಳಿಸಿ. ಒಂದೆರಡು ಗಂಟೆ ಬಿಟ್ಟರೆ ಅಡಿಯಲ್ಲಿ ಗಸಿ ನಿಲ್ಲುತ್ತದೆ. ಮೇಲಿನ ತಿಳಿಯನ್ನು ಮೆಲ್ಲಗೆ ಬಗ್ಗಿಸಿಕೊಳ್ಳಿ. ಒಂದು ಲೋಟ ತಿಳಿಗೆ ನಾಲ್ಕು ಲೋಟ ಸಕ್ಕರೆ ಪಾಕ. ಇದಕ್ಕಿಂತ ಜಾಸ್ತಿ ರಸ ನಾನು ಹೇಳುವುದಿಲ್ಲ. ಮಾಡಿದ ದಿನವೇ ಕೊಟ್ಟು ಮುಗಿಸಬೇಕು, ಶೀಶೆಯಲ್ಲಿ ತುಂಬಿಡುವಂಥದ್ದಲ್ಲ.

ಕೊಡುವುದು ಕತ್ತಲಾಗುವ ಹೊತ್ತಿಗೆ. ಪೆಟ್ಟಿಗೆಯ ಒಳಗೆ, ತೆಂಗಿನ ಗೆರಟೆಯಲ್ಲಿ, ಮೇಲೆ ನಾಲ್ಕು ಕಡ್ಡಿ ತೇಲಿಬಿಟ್ಟು. ಕಡ್ಡಿ ಇಲ್ಲದಿದ್ದರೆ ಮುಳುಗಿ ಸಾಯುತ್ತವೆ. ಬೆಳಗ್ಗೆ ಉಳಿದಿದ್ದರೆ ತೆಗೆದುಬಿಡಿ. ಹೊರಗೆ ಒಂದು ತೊಟ್ಟೂ ಚೆಲ್ಲಬಾರದು. ಸಕ್ಕರೆ ಪಾಕಕ್ಕೆ ವಾಸನೆ ಇಲ್ಲ. ಹಲಸಿಗೆ ಎಷ್ಟು ವಾಸನೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಇರುವೆ, ಕಣಜ, ಪಕ್ಕದ ಪೆಟ್ಟಿಗೆಯ ನೊಣ ಎಲ್ಲ ಬರುತ್ತವೆ. ಬೇರೆ ಪೆಟ್ಟಿಗೆಯ ನೊಣ ನುಗ್ಗಿ ಜೇನು ಕದಿಯುವ ದರೋಡೆ ಒಮ್ಮೆ ಶುರುವಾದರೆ ಬಲ ಇಲ್ಲದ ಕುಟುಂಬ ಒಂದೇ ದಿನದಲ್ಲಿ ಮುಗಿಯಬಹುದು. ಬಾಗಿಲನ್ನು ಎರಡು ಮೂರು ನೊಣ ಮಾತ್ರ ಹಿಡಿಸುವಷ್ಟು ಕಿರಿದು ಮಾಡಿ.

ದರೋಡೆ ಅಂದಾಗ ನನಗೆ ಭಯ ಬರೀ ಆಹಾರದ್ದಲ್ಲ. 1991-92ರಲ್ಲಿ ಮರಿಹುಳಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ವೈರಸ್ ರೋಗ ಬಂದು ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ತೊಂಬತ್ತು ಪಾಲಿಗಿಂತ ಜಾಸ್ತಿ ನಾಶವಾದವು. ಇಲ್ಲಿರುವ ಹಿರಿಯರು ಸಾಲು ಸಾಲು ಖಾಲಿ ಪೆಟ್ಟಿಗೆ ನೋಡಿದ್ದಾರೆ. ಆ ವೈರಸ್ ಈಗಲೂ ಹೋಗಿಲ್ಲ. ರೋಗದ ಕುಟುಂಬದಿಂದ ಕದ್ದ ಜೇನಿನ ಜೊತೆ ಅದೂ ಪೆಟ್ಟಿಗೆಯಿಂದ ಪೆಟ್ಟಿಗೆಗೆ ಹೋಗುತ್ತದೆ.

ಈಗ ದುಡ್ಡಿನ ಲೆಕ್ಕ. ಹಲಸು ಪುಕ್ಕಟೆ, ಸಕ್ಕರೆಗೆ ಕಾಸು ಅನ್ನುವುದೇ ಅಲ್ವಾ ಮೂಲ ಮಾತು? ವಾರಕ್ಕೆ 200 ಗ್ರಾಂನಂತೆ ಜೂನ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ 17 ವಾರ. ಒಟ್ಟು 3 ಕಿಲೋ 400 ಗ್ರಾಂ. ಕಿಲೋಗೆ 45 ರೂಪಾಯಿ ಹಿಡಿದರೂ ಒಂದು ಪೆಟ್ಟಿಗೆಗೆ ಇಡೀ ಮಳೆಗಾಲಕ್ಕೆ 160 ರೂಪಾಯಿ ದಾಟುವುದಿಲ್ಲ. ಅದೇ ಪೆಟ್ಟಿಗೆಯ ಒಂದು ಕಿಲೋ ಜೇನನ್ನು ನೀವು ಎಷ್ಟಕ್ಕೆ ಮಾರುತ್ತೀರಿ? ನಾನು ಹೇಳಿದ ಕ್ರಮದಲ್ಲಿ ಹಲಸಿನ ತಿಳಿ ಬೆರೆಸಿದರೆ ಉಳಿಯುವುದು ಇದರಲ್ಲಿ ಒಂದು ಸಣ್ಣ ಭಾಗ. ಅದಕ್ಕೆ ಸೌದೆ, ಒಂದು ದಿನದ ಕೆಲಸ, ಹಲಸಿನ ಮೇಣ ಮೆತ್ತಿದ ಕೈ. ಕುಟುಂಬವೇ ಹೋದರೆ ಹೊಸದು ಹಿಡಿಯಲು ಅಥವಾ ಕೊಳ್ಳಲು ಎಷ್ಟಾಗುತ್ತದೆ ನಿಮಗೇ ಗೊತ್ತು. ಹಲಸು ಹಾಳಾಗುವುದು ನನಗೂ ಸಂಕಟವೇ. ಹಪ್ಪಳ ಮಾಡಿ, ಬೆರಟಿ ಮಾಡಿ, ದನಕ್ಕೆ ಹಾಕಿ. ಜೇನಿನ ಹೊಟ್ಟೆಯಲ್ಲಿ ಅದಕ್ಕೆ ಜಾಗ ಹುಡುಕುವುದು ಕೊನೆಯ ದಾರಿ ಆಗಲಿ.

ಇನ್ನೊಂದು ಮಾತನ್ನು ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ಹಣ್ಣಿನ ಸಿರಪ್ ಕೊಟ್ಟು ಸೂಪರ್, ಅಂದರೆ ಪೆಟ್ಟಿಗೆಯ ಮೇಲಿನ ಜೇನು ಕೋಣೆ, ತುಂಬಿಸಿ, ಅದನ್ನು ತೆಗೆದು ಮಾರುವ ಯೋಚನೆ ಯಾರಿಗಾದರೂ ಇದ್ದರೆ ಬಿಟ್ಟುಬಿಡಿ. ಕಾನೂನಿನ ಪ್ರಕಾರ ಜೇನುತುಪ್ಪ ಅಂದರೆ ಹೂವಿನ ಮಕರಂದ ಅಥವಾ ಗಿಡದಿಂದ ಒಸರಿದ ಸಿಹಿಯಿಂದ ನೊಣ ಮಾಡಿದ್ದು. ನಾವು ಗೆರಟೆಯಲ್ಲಿಟ್ಟ ಸಿಹಿಯಿಂದ ಮಾಡಿದ್ದು ಅಲ್ಲ. ಸಕ್ಕರೆ ಪಾಕ ಆಗಲಿ, ಹಲಸು ಆಗಲಿ, ಎರಡಕ್ಕೂ ನಿಯಮ ಒಂದೇ. ಸೂಪರ್ ಇಟ್ಟಿರುವಾಗ ಆಹಾರ ಕೊಡಬಾರದು. ಹೊರಗೆ ಮಕರಂದ ಶುರುವಾಗುವ ಎರಡು ವಾರ ಮೊದಲೇ ನಿಲ್ಲಿಸಬೇಕು. ಕೆಳಗೆ ಮರಿ ಬೆಳೆಯುವ ಸಂಸಾರ ಕೋಣೆಯಲ್ಲಿ ಉಳಿದದ್ದು ನೊಣದ್ದು, ಅದನ್ನು ಹಿಂಡಬಾರದು. ನಮ್ಮ ತುಡುವೆ ಜೇನನ್ನು ಜನ ನಂಬಿ ಜಾಸ್ತಿ ದುಡ್ಡು ಕೊಡುತ್ತಾರೆ. ಆ ನಂಬಿಕೆ ಒಬ್ಬ ಕೆಡಿಸಿದರೂ ಇಡೀ ಊರಿನ ಬಾಟಲಿ ಅಂಗಡಿಯಲ್ಲೇ ಉಳಿಯುತ್ತದೆ.

ಕೊನೆಗೆ, ಸಿಹಿಯ ಬಗ್ಗೆ ಇಷ್ಟು ಹೊತ್ತು ಮಾತಾಡಿದೆವು. ಆದರೆ ಮಳೆಗಾಲದಲ್ಲಿ ಕುಟುಂಬ ಸೊರಗುವುದು ಬರೀ ಸಿಹಿಯ ಕೊರತೆಯಿಂದ ಅಲ್ಲ. ಮರಿಹುಳ ಸಾಕಲು ಪರಾಗದಲ್ಲಿರುವ ಪ್ರೋಟೀನ್ ಬೇಕು. ಸಕ್ಕರೆಯಲ್ಲಿ ಅದು ಇಲ್ಲ, ಸೋಸಿದ ಹಲಸಿನ ರಸದಲ್ಲಂತೂ ಹೆಸರಿಗೆ ಮಾತ್ರ. ಪರಾಗ ಇಲ್ಲದಿದ್ದರೆ ರಾಣಿ ಮೊಟ್ಟೆ ಕಡಿಮೆ ಮಾಡುತ್ತದೆ, ನೊಣ ಕಡಿಮೆಯಾಗುತ್ತದೆ, ಖಾಲಿ ಎರಿಗೆ ಮೇಣದ ಹುಳ ಹೊಕ್ಕುತ್ತದೆ, ಒಂದು ದಿನ ಕುಟುಂಬ ಪೆಟ್ಟಿಗೆ ಬಿಟ್ಟು ಹಾರುತ್ತದೆ. ತೆಂಗು, ಅಡಿಕೆ ನಮ್ಮಲ್ಲಿ ಇರುವುದು ದೊಡ್ಡ ಆಸರೆ. ಇನ್ನೊಂದು ಆಸರೆಯನ್ನು ನಾವೇ ಕತ್ತಿ ಹಿಡಿದು ಸವರುತ್ತೇವೆ, ಅದು ಮುಟ್ಟಿದರೆ ಮುನಿ. ಮಳೆಯ ನಡುವೆ ಅರ್ಧ ಗಂಟೆ ಬಿಸಿಲು ಬಂದರೆ ಸಾಕು, ಅದರ ಗುಲಾಬಿ ಹೂವಿನ ಮೇಲೆ ನೊಣ ಇಳಿಯುತ್ತದೆ, ಕಾಲಿಗೆ ಪರಾಗದ ಉಂಡೆ ಕಟ್ಟಿಕೊಂಡು ಹೋಗುತ್ತದೆ. ತೋಟದ ದಾರಿಯಲ್ಲಿ ಮುಳ್ಳು ಚುಚ್ಚುತ್ತದೆ, ತೆಗೆಯಿರಿ. ಬೇಲಿ ಬದಿಯದ್ದನ್ನು, ಪೆಟ್ಟಿಗೆಯ ಸುತ್ತಲಿನದ್ದನ್ನು ಸೆಪ್ಟೆಂಬರ್‌ವರೆಗೆ ಬಿಡಿ. ಈ ಸಲ ಮೇ ತಿಂಗಳಲ್ಲಿ ಕೊನೆಯ ಜೇನು ತೆಗೆಯುವಾಗ ಸಂಸಾರ ಕೋಣೆಯ ಎರಡು ಚೌಕಟ್ಟಿನ ಅಂಚಿನಲ್ಲಾದರೂ ಮುಚ್ಚಿದ ಜೇನು ಇದೆಯಾ ನೋಡಿ. ಇಲ್ಲದಿದ್ದರೆ ಸೂಪರ್‌ನಿಂದ ಒಂದು ಚೌಕಟ್ಟನ್ನು ಹಿಂಡದೆ ಹಾಗೇ ಬಿಡಿ.